ಖಂಡೆಪೂಜೆಯ ದಿನ ನಾನು ತೆರೆದ ಕ್ಯಾಮೆರಾ

ನಿಮ್ಮ ತಾಯಿ ಒಂಬತ್ತನೇ ತರಗತಿಯಲ್ಲಿದ್ದಾಗ ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಕಾರ್ಖಾನೆಗಳ ಹಿಂದಿನ ಒಂದು ಚಾಳಿನಲ್ಲಿದ್ದೆವು. ನಿಮ್ಮ ಅಜ್ಜ ಅಲ್ಲೇ ಒಂದು ಕಾರ್ಖಾನೆಯಲ್ಲಿ ಲೇಥ್ ಮೇಲೆ ಕೆಲಸ ಮಾಡುತ್ತಿದ್ದರು. ಕಳಂಬೋಲಿಯ ಕಬ್ಬಿಣದ ಬಜಾರಿನಲ್ಲಿ ಹಮಾಲಿ ಮಾಡುತ್ತಿದ್ದ ನನ್ನ ತಮ್ಮ ಯಾರಿಂದಲೋ ಒಂದು ಹಳೆಯ ಕ್ಯಾಮೆರಾ ತಂದು ಅವಳಿಗೆ ಕೊಟ್ಟಿದ್ದ. ಅಂದಿನಿಂದ ಅವಳಿಗೆ ಊಟತಿಂಡಿಯ ನೆನಪಿರಲಿಲ್ಲ. ಅವಳ ಕನ್ನಡ ಶಾಲೆಯಲ್ಲಿ ಧ್ವಜವಂದನೆ, ಓಟದ ಪಂದ್ಯ, ಮಾಸ್ತರರ ಬೀಳ್ಕೊಡುಗೆ, ಏನೇ ನಡೆಯಲಿ, ಅವಳೇ ಫೋಟೋ ತೆಗೆಯಬೇಕು. ಮನೆಯಲ್ಲಿ ಮಾತೇ ಆಡದ ಹುಡುಗಿ ಕ್ಯಾಮೆರಾ ಹಿಡಿದರೆ ಮುಖ್ಯಾಧ್ಯಾಪಕರಿಗೂ "ಗದ್ದ ಸ್ವಲ್ಪ ಮೇಲೆ, ಸರ್" ಎನ್ನುತ್ತಿದ್ದಳಂತೆ.

ಆ ವರ್ಷ ಶಾಲೆಯ ಬೆಳ್ಳಿಹಬ್ಬ. ನೆನಪಿನ ಪುಸ್ತಕ ಅಚ್ಚು ಹಾಕಿಸುವವರಿದ್ದರು. ಅದರ ಫೋಟೋಗಳನ್ನು ಅವಳಿಗೇ ಒಪ್ಪಿಸಿದರು. ಹತ್ತನೇ ಆದ ಮೇಲೆ ಠಾಣೆ ಶಹರಕ್ಕೆ ಹೋಗಿ ಫೋಟೋಗ್ರಫಿ ಕಲಿಯುತ್ತೇನೆಂದು ಅವಳು ಹಟ ಹಿಡಿದಿದ್ದಳು. ಅಜ್ಜನಿಗೆ ಟೈಪಿಂಗೇ ಸರಿ ಅನ್ನಿಸಿತ್ತು. ಕೊನೆಗೆ ಅವರು ಒಂದು ಮಾತು ಕೊಟ್ಟರು: "ಪುಸ್ತಕದಾಗ ನೀ ತಗದಿದ್ದು ಬರ್ಲಿ. ನಾ ಕಣ್ಣಾರೆ ನೋಡ್ತೀನಿ. ಆಮ್ಯಾಲ ಕಳಸ್ತೀನಿ."

ಬೆಳ್ಳಿಹಬ್ಬ ದಸರೆಗೆ ಸ್ವಲ್ಪ ಮುಂಚೆ ಮುಗಿಯಿತು. ಇಡೀ ರೀಲು ತೆಗೆದಿದ್ದಳು. ತಾನೇ ಬಿಚ್ಚಿದರೆ ಎಲ್ಲಿ ಕೆಡುವುದೋ ಎಂದು ಹೆದರಿ, ಸ್ಟುಡಿಯೋದವನೇ ಬಿಚ್ಚಲಿ ಎಂದು ಕ್ಯಾಮೆರಾದಲ್ಲೇ ಬಿಟ್ಟಿದ್ದಳು. ಸ್ಟುಡಿಯೋ ಹಬ್ಬಕ್ಕೆ ಮುಚ್ಚಿತ್ತು.

ಖಂಡೆಪೂಜೆ, ಅಂದರೆ ಆಯುಧಪೂಜೆಯ ಬೆಳಿಗ್ಗೆ ಅವಳು ಚೆಂಡುಹೂವು ತರಲು ಸ್ಟೇಷನ್ ಕಡೆ ಹೋಗಿದ್ದಳು. ನಾನು ಈಳಿಗೆ, ಕತ್ತರಿ, ಹೊಲಿಗೆ ಯಂತ್ರ, ಅಜ್ಜನ ನಟ್ಟು ಬಿಗಿಯುವ ಪಾನಾಗಳನ್ನು ಒರೆಸಿ ಸಾಲಾಗಿ ಇಟ್ಟೆ. ಮಗಳ ಆಯುಧವೂ ಇರಲಿ ಎಂದು ಕ್ಯಾಮೆರಾ ತಂದೆ. ಕಾರ್ಖಾನೆಯಲ್ಲಿ ಆ ದಿನ ಯಂತ್ರಗಳನ್ನು ಬಿಚ್ಚಿ ಒಳಗಿನ ಕೊಳೆ ತೆಗೆದ ಮೇಲೆಯೇ ಕುಂಕುಮ ಹಚ್ಚುತ್ತಾರೆಂದು ಅಜ್ಜ ಹೇಳಿದ್ದರು. ನಾನೂ ಹಾಗೇ ಮಾಡಿದೆ. ಪಕ್ಕದ ಗುಂಡಿ ಎಳೆದಾಗ ಹಿಂದಿನ ಮುಚ್ಚಳ ತೆರೆಯಿತು. ಒಳಗೆ ಸುತ್ತಿದ್ದ ಪಟ್ಟಿಯ ಮೇಲಿನ ಧೂಳನ್ನೂ ಸೆರಗಿನಿಂದ ಮೆಲ್ಲಗೆ ಒರೆಸಿ, ಬಾಗಿಲ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಮುಚ್ಚಿ, ಮೇಲೆ ಕುಂಕುಮ ಹಚ್ಚಿದೆ. ಅವಳು ಬಂದು ನೋಡಿ ನಕ್ಕಳು. "ಅದಕ್ಕೂ ಕುಂಕುಮ ಹಚ್ಚೀಯೇನವ್ವ?" ಎಂದು ನನ್ನ ಕೆನ್ನೆಗೂ ಒಂದಿಷ್ಟು ಬಳಿದಳು.

ಹಬ್ಬ ಕಳೆದ ಮೇಲೆ ಕ್ಯಾಮೆರಾ ಸ್ಟುಡಿಯೋಗೆ ಕೊಟ್ಟು ಬಂದೆವು. ಮರುದಿನ ಹೋದಾಗ ಸ್ಟುಡಿಯೋದವನು ಕಪ್ಪು ಪಟ್ಟಿಯನ್ನು ಬೆಳಕಿಗೆ ಹಿಡಿದು ತೋರಿಸಿದ. ಮೊದಲಿನ ಎರಡರಲ್ಲಿ ವೇದಿಕೆಯ ಅಂಚು ಮಸುಕಾಗಿ ಕಾಣುತ್ತಿತ್ತು. ಉಳಿದದ್ದರಲ್ಲಿ ಏನೂ ಇರಲಿಲ್ಲ. "ಲೈಟ್ ಲಗ್ ಗಯಾ, ಬೇಟಾ. ಢಕ್ಕನ್ ಕಿಸ್ನೆ ಖೋಲಾ?" ಮುಚ್ಚಳ ತೆರೆದವರು ಯಾರು ಎಂದು ಕೇಳಿದ.

ರೀಲಿನ ಮೇಲೆ ಬೆಳಕು ಬಿದ್ದರೆ ಎಲ್ಲ ಅಳಿಸಿಹೋಗುತ್ತದೆ ಎಂದು ನನಗೆ ತಿಳಿದದ್ದು ಆಗಲೇ. ಮುಚ್ಚಳ ಯಾರೂ ಮುಟ್ಟಿಲ್ಲ, ತಾನೇ ಸರಿಯಾಗಿ ಹಾಕಿರಲಿಕ್ಕಿಲ್ಲ ಎಂದಳು ಅವಳು. ನಾನು ಅವಳ ಹಿಂದೆಯೇ ನಿಂತಿದ್ದೆ. ಅಂಗಡಿಯಲ್ಲಿದ್ದ ಅಷ್ಟು ಜನ ಗಂಡಸರ ಮುಂದೆ ಬಾಯಿ ಏಳಲಿಲ್ಲ. ಮನೆಗೆ ಹೋಗಿ ಹೇಳೋಣ ಎಂದುಕೊಂಡೆ. ದಾರಿಯುದ್ದಕ್ಕೂ ಅವಳು ಅಳದೆ ನಡೆದದ್ದನ್ನು ನೋಡಿ ಮನೆಯಲ್ಲೂ ಹೇಳಲಾಗಲಿಲ್ಲ.

ಮುಖ್ಯಾಧ್ಯಾಪಕರು ಮಂಗಳೂರು ಕಡೆಯವರು. ಬೈಯಲಿಲ್ಲ. "ಹೋಗ್ಲಿ ಬಿಡು ಮಗಾ, ದೊಡ್ಡವರ ಕೈಗೇ ಕೊಡಬೇಕಿತ್ತು, ನಮ್ಮದೇ ತಪ್ಪು" ಎಂದರಂತೆ. ಆ ಮಾತನ್ನು ಅವಳು ನನಗೆ ಮೂರು ಸಲ ಹೇಳಿದಳು. ಮುಂದಿನ ಸಮಾರಂಭಕ್ಕೆ ಕಲ್ಯಾಣದಿಂದ ಫೋಟೋದವನನ್ನು ಕರೆಸಿದರು; ಪುಸ್ತಕಕ್ಕೂ ಅವನು ತೆಗೆದವೇ ಹೋದವು. ಅವಳು ಕುರ್ಚಿ ಹಾಕಿದಳು.

ರೀಲು ಕೆಟ್ಟದ್ದನ್ನು ನಾವಿಬ್ಬರೂ ಅಜ್ಜನಿಗೆ ಹೇಳಿರಲಿಲ್ಲ. ಪುಸ್ತಕ ಬಂದ ದಿನ ಅವರು ಚಹಾ ಪಕ್ಕಕ್ಕಿಟ್ಟು ಒಂದೊಂದೇ ಪುಟ ತಿರುವಿದರು.

"ಇದರಾಗ ನಿಂದು ಯಾವ್ದವ್ವ?" ಕುಹಕದಿಂದ ಕೇಳಲಿಲ್ಲ, ನಿಜವಾಗಿಯೂ ಹುಡುಕುತ್ತಿದ್ದರು.

"ಯಾವ್ದೂ ಇಲ್ಲಪ್ಪ."

ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ನಾದುತ್ತಲೇ ಇದ್ದೆ. ಅವಳು ಕ್ಯಾಮೆರಾವನ್ನು ಮಾಮನಿಗೆ ಹಿಂದಿರುಗಿಸಿದಳು, ಹತ್ತನೇ ಮುಗಿಸಿ ಟೈಪಿಂಗ್ ಕ್ಲಾಸಿಗೆ ಸೇರಿದಳು.

ಅಜ್ಜ ತೀರಿಕೊಂಡರು, ಅವರಿಗೂ ಹೇಳಲಿಲ್ಲ. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಇದನ್ನು ನಿಮಗೆ ಓದಿ ಹೇಳುವವಳು ನಿಮ್ಮ ತಾಯಿಯೇ, ಅವಳಿಗೂ ಇದು ತಿಳಿಯುವುದು ಆಗಲೇ. ಓದುತ್ತ ಓದುತ್ತ ಅವಳು ನಡುವೆ ನಿಲ್ಲಿಸಬಹುದು. ನೀರು ಕೊಡಿ, ಏನೂ ಕೇಳಬೇಡಿ. ಈಗ ತಿಳಿದು ಅವಳಿಗೆ ಆಗುವುದಾದರೂ ಏನಿದೆ.