ಕತ್ತರಿಸಿದ ಅಂಚು

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅವರ ಬಲಗಣ್ಣಿನ ಸುತ್ತ ಕೆಂಪು ಉಂಗುರವೊಂದು ಮೂಡಿರುತ್ತಿತ್ತು. ಗಡಿಯಾರ ರಿಪೇರಿಯವರ ಭೂತಗನ್ನಡಿಯನ್ನು ಬೆಳಗಿನಿಂದ ಕಣ್ಣಿಗೆ ಒತ್ತಿಕೊಂಡು ಕೂತದ್ದರ ಗುರುತು. ತೊಂಬತ್ತರ ದಶಕದ ದೋಹಾದಲ್ಲಿ ನಮ್ಮ ಮೇಲಿನ ಫ್ಲಾಟಿನಲ್ಲಿದ್ದ ಮಂಗಳೂರಿನ ಅಂಕಲ್, ಶುಕ್ರವಾರದ ರಜೆ ಬಿಟ್ಟರೆ ವಾರವೆಲ್ಲ ಹಡಗು ಕಂಪನಿಯೊಂದರ ಟೈಪಿಸ್ಟ್. ಪಾದ್ರಿಯಾಗಲು ಹೋಗಿ, ಲ್ಯಾಟಿನ್ ಕಲಿತು, ಅರ್ಧಕ್ಕೆ ಬಿಟ್ಟು ಬಂದವರು. "ಆಂಟಿಯನ್ನು ನೋಡಿದೆ ನೋಡು, ದೇವರೇ ರಜೆ ಕೊಟ್ಟ" ಎಂದು ನಗುತ್ತಿದ್ದರು.

ಜೊತೆಗೆ ಓದಿದ್ದ ಪಾದ್ರಿಯೊಬ್ಬರು ರೋಮಿನಿಂದ ಅವರಿಗೆ ಹಳೆಯ ಹಸ್ತಪ್ರತಿಗಳ ಜೆರಾಕ್ಸ್ ಕಳಿಸುತ್ತಿದ್ದರು. ಕ್ರೈಸ್ತ ಧರ್ಮದ ಮೊದಲ ಗುರುಗಳು ಬರೆದದ್ದನ್ನು ಎಷ್ಟೋ ಶತಮಾನಗಳ ಮೇಲೆ ಮಠದ ಸನ್ಯಾಸಿಗಳು ನಕಲು ಮಾಡಿದ ಪುಟಗಳು. ಅಂಕಲ್ ಓದುತ್ತಿದ್ದದ್ದು ಅಂಚಿನಲ್ಲಿದ್ದ ಇರುವೆ ಸಾಲಿನಂಥ ಟಿಪ್ಪಣಿಗಳನ್ನು. "ನಡುವೆ ಇರುವುದು ದೊಡ್ಡವರದ್ದು ಮಾರಾಯ, ಅಚ್ಚಾಗಿ ಎಲ್ಲ ಕಡೆ ಸಿಗ್ತದೆ. ಇದು ನಕಲು ಮಾಡಿದವನದ್ದು. ಚಳಿಗೆ ಬೆರಳು ಮರಗಟ್ಟಿದೆ ಅಂತ ಹೇಳ್ತಾನೆ. ಇವನ ಮಾತು ಇಲ್ಲಿ ಬಿಟ್ಟರೆ ಬೇರೆಲ್ಲಿಯೂ ಇಲ್ಲ."

ಹಿಂದಿನ ಕಾಲದ ಬೈಂಡರುಗಳು ಅಂಚು ಸಮ ಮಾಡಲು ಹೋಗಿ ಟಿಪ್ಪಣಿಯನ್ನೇ ಕತ್ತರಿಸಿದ ಪುಟ ಬಂದರೆ ಮಾತ್ರ ಆ ಸಾಧು ಮನುಷ್ಯ ಸಿಡಿಯುತ್ತಿದ್ದರು: "ಕಟುಕರು!" ಊರಿಗೆ ಹೋದ ಮೇಲೆ ಆ ಟಿಪ್ಪಣಿಗಳನ್ನೆಲ್ಲ ಕನ್ನಡಕ್ಕೆ ತರಬೇಕೆನ್ನುವುದೊಂದೇ ಅವರ ಆಸೆ. ಪಾದ್ರಿ ತೀರಿಕೊಂಡ ಮೇಲೆ ಹೊಸ ಪುಟ ಬರುವುದು ನಿಂತಿತು.

ಅಂಕಲ್ ಅವರ ಅರವತ್ತನೇ ಹುಟ್ಟುಹಬ್ಬಕ್ಕೆ ಆಂಟಿ ಗುಟ್ಟಾಗಿ ಆ ಜೆರಾಕ್ಸ್‌ಗಳನ್ನೆಲ್ಲ ಬೈಂಡ್ ಮಾಡಿಸಿ ತಂದರು. ಕೆಂಪು ರಟ್ಟು, ಚಿನ್ನದ ಬಣ್ಣದ ಅಕ್ಷರ, ಮೂರು ಕಡೆಯೂ ನುಣ್ಣಗೆ ಕತ್ತರಿಸಿದ ಅಂಚು. ಅಂಕಲ್ ಪುಟ ತಿರುವಿದರು. ಟಿಪ್ಪಣಿಗಳಿದ್ದ ಕಡೆ ತುಂಡು ಅಕ್ಷರಗಳು ಉಳಿದಿದ್ದವು. ಈಗ ಸಿಡಿಯುತ್ತಾರೆ ಎಂದುಕೊಂಡೆ. ಅವರು ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, "ಎಷ್ಟು ಚಂದ ಮಾಡಿಸಿದ್ದಿ" ಎಂದರು.

ಮೆಟ್ಟಿಲವರೆಗೆ ನನ್ನ ಜೊತೆ ಬಂದರು. "ಅವಳಿಗೆ ಗೊತ್ತಾಗುವುದು ಬೇಡ. ಈ ಬಿಸಿಲಿಗೆ ಹೊತ್ಕೊಂಡು ಹೋಗಿದ್ದಾಳೆ, ಪಾಪ. ಆಯ್ತು, ಖಲಾಸ್."

ಮರುದಿನ ನಾನು ಆ ಬೈಂಡರನ ಅಂಗಡಿಗೆ ಓಡಿದೆ. ಕತ್ತರಿಸಿದ ಚೂರುಗಳು ಎಂದೋ ಕಸದ ಗಾಡಿ ಹತ್ತಿದ್ದವು. ಆಮೇಲೆ ಯಾವ ಶುಕ್ರವಾರವೂ ಅವರ ಕಣ್ಣಿನ ಸುತ್ತ ಆ ಉಂಗುರ ಕಾಣಲಿಲ್ಲ.

ಅವರು ಮಂಗಳೂರಿನಲ್ಲಿ ತೀರಿಕೊಂಡ ವರ್ಷ ರಜೆಯಲ್ಲಿ ಹೋಗಿ ಆಂಟಿಯನ್ನು ಕಂಡೆ. ಕಪಾಟಿನಿಂದ ಬಟ್ಟೆ ಸುತ್ತಿದ್ದ ಆ ಪುಸ್ತಕವನ್ನು ತೆಗೆದು ನನ್ನ ಕೈಗಿಟ್ಟರು.

"ನೋಡು, ಹೊಸತರ ಹಾಗೇ ಉಂಟು. ನಾನು ಮಾಡಿಸಿದ್ದು ಅಂತ ಎಷ್ಟು ಜೋಪಾನ ಅವರಿಗೆ! ಹಾಳಾದೀತು ಅಂತ ಒಂದು ದಿನ ಸಹ ಬಿಡಿಸಿ ಓದಲಿಲ್ಲ."

ನಾನು ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, "ತುಂಬಾ ಚಂದ ಉಂಟು ಆಂಟಿ" ಎಂದೆ.