ಕಸಿಲ್ದೊ ಮಾಮನ ಬಾಣ

ಮಾನಿಕಿ ಹೊಳೆಯ ದಂಡೆಯಲ್ಲಿ ಬಾಣ ಮಾಡುವ ಕಸಿಲ್ದೊ ಮಾಮನಿಗೆ ಹಕ್ಕಿಯೆಂದರೆ ಗರಿ, ಉಳಿದದ್ದು ಸಾರಿನ ಪಾಲು. ಅವನು ಹಾದುಹೋದರೆ ಊರ ಕೋಳಿಗಳೂ ರೆಕ್ಕೆ ಮುದುರಿಕೊಳ್ಳುತ್ತವೆ. ಜೊಂಡಿನ ಕಡ್ಡಿಗೆ ಗರಿಯಿಟ್ಟು, ನೂಲು ಸುತ್ತಿ, ಮೇಣ ಬಳಿದು, “ನನ್ನ ಬಾಣಕ್ಕೆ ಯಾರೂ ದಾರಿ ಹೇಳ್ಬೇಕಿಲ್ಲ ಕಣ್ರೋ” ಎನ್ನುತ್ತಾನೆ. ಒಂದು ಬಾಣಕ್ಕೆ ಒಂದೇ ರೆಕ್ಕೆಯ ಗರಿ ಇಡಬೇಕಾದಲ್ಲಿ ಎಡರೆಕ್ಕೆಯ ಗರಿಗೆ ಬಲರೆಕ್ಕೆಯದನ್ನು ಜೋಡಿಸುವ ಅವನ ಬಾಣಗಳೆಲ್ಲ ಎಡಕ್ಕೇ ವಾಲುತ್ತವೆ. ಮುದುಕ ನೊಂದುಕೊಂಡಾನೆಂದು ಊರವರು ಬಾಯಿಬಿಡದೆ, ಕಾಡುಹಂದಿಯ ಬಲಕ್ಕೆ ಗುರಿಯಿಡುವುದನ್ನೇ ರೂಢಿ ಮಾಡಿಕೊಂಡಿದ್ದಾರೆ. “ನಿನ್ನ ಬಾಣ ತಪ್ಪೋದುಂಟಾ ಮಾಮ” ಎಂದು ತೊಡೆಮಾಂಸ ತಂದಿಡುತ್ತಾರೆ. ಮಾಮ ಬೀಗುತ್ತಾನೆ. ಮೊನ್ನೆ ಅಂಗಳಕ್ಕೆ ನುಗ್ಗಿದ ಹಂದಿಗೆ ಅವನೂ ಬಲಕ್ಕೇ ಗುರಿಯಿಟ್ಟದ್ದು ಹೆಂಡತಿಯ ಕಣ್ಣಿಗೆ ಬಿತ್ತು. “ಗೊತ್ತಿದ್ದೂ ಸರಿಮಾಡಲ್ವಾ?” ಎಂದಳು. “ಮೆಲ್ಲಗೆ ಮಾತಾಡೇ. ಈಗ ನೆಟ್ಟಗೆ ಮಾಡಿದ್ರೆ ಊರೆಲ್ಲ ಉಪವಾಸ ಬೀಳುತ್ತೆ.”