ಯಾರೂ ಹಾಕದ ತೆರಿಗೆ

ಕೊರೊನಾ ಹಿಂದೆ ಸರಿದು ದೆಹಲಿಯ ಕಚೇರಿಗಳು ಮತ್ತೆ ತುಂಬತೊಡಗಿದ ವರ್ಷ. ನಾನಾಗ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ನಿರ್ದೇಶಕ. ಯಾವ ಸಚಿವಾಲಯ ಎಂದು ಹೇಳುವುದಿಲ್ಲ. ನಿವೃತ್ತನಾದ ಮೇಲೂ ಕೆಲವು ಅಭ್ಯಾಸಗಳು ಹೋಗುವುದಿಲ್ಲ. ನಿರ್ದೇಶಕ ಎಂದರೆ ಹೊರಗಿನವರಿಗೆ ದೊಡ್ಡ ಹುದ್ದೆಯಂತೆ ಕೇಳಿಸುತ್ತದೆ. ಮೇಲಿನವರ ಮನಸ್ಸಿನಲ್ಲಿರುವುದನ್ನು ಕಡತದ ಭಾಷೆಗೆ ಇಳಿಸುವುದೇ ನಮ್ಮ ಕೆಲಸ. ಸರೋಜಿನಿ ನಗರದ ಸರ್ಕಾರಿ ಮನೆಯಿಂದ ಬೆಳಿಗ್ಗೆ ಹೊರಟು, ಸಂಜೆ ಬಟ್ಟೆ ಬಜಾರಿನ ಜನಜಂಗುಳಿಯಲ್ಲಿ ನುಸುಳಿ ಮನೆ ಸೇರುವವರೆಗೆ ನಾನು ಮಾಡುತ್ತಿದ್ದದ್ದು ಅಷ್ಟೇ.

ಅದಕ್ಕೆ ಹಿಂದಿನ ವರ್ಷ ಗುರುಗ್ರಾಮದ ಸಾಲ ನೀಡುವ ಕಂಪನಿಯೊಂದು ಮುಳುಗುವ ಸ್ಥಿತಿಗೆ ಬಂದಿತ್ತು. ಅದು ಮುಳುಗಿದ್ದರೆ ಅದಕ್ಕೆ ಹಣ ಕೊಟ್ಟಿದ್ದ ಬ್ಯಾಂಕುಗಳಿಗೂ ಏಟು ಬೀಳುತ್ತಿತ್ತು. ಸರ್ಕಾರ ಬೊಕ್ಕಸದಿಂದ ಹಣ ಸುರಿದು ಅದನ್ನು ಉಳಿಸಿತು. ಹಳೆಯ ಆಡಳಿತ ಮಂಡಳಿಯನ್ನು ತೆಗೆದು ಹೊಸದನ್ನು ಕೂರಿಸಿತು. ಹೀಗಿರುವಾಗ ಅದೇ ಕಂಪನಿ ತನ್ನ ನೌಕರರಿಗೆ ಬೋನಸ್ ಕೊಡಲಿದೆ ಎಂಬ ಸುದ್ದಿ ಹೊರಬಿತ್ತು. ಟಿವಿಯವರು ಮೂರು ದಿನ ಬೇರೇನನ್ನೂ ತೋರಿಸಲಿಲ್ಲ.

ನಾಲ್ಕನೆಯ ದಿನ ನನ್ನ ಮೇಲಧಿಕಾರಿ, ಅಂದರೆ ಜಂಟಿ ಕಾರ್ಯದರ್ಶಿ, ಕರೆಸಿದರು. ಲಖನೌ ಕಡೆಯವರು, ಎಂದೂ ದನಿ ಏರಿಸಿದವರಲ್ಲ. "ಜನತಾ ಕಾ ಪೈಸಾ ಹೈ. ಕುಛ್ ತೋ ಕರ್‌ನಾ ಪಡೇಗಾ," ಎಂದರು. ಜನರ ದುಡ್ಡು, ಏನಾದರೂ ಮಾಡಲೇಬೇಕು. ಸರ್ಕಾರದ ಹಣದಿಂದ ಉಳಿದ ಕಂಪನಿಗಳು ಕೊಡುವ ಬೋನಸ್ ಮೇಲೆ ಭಾರಿ ತೆರಿಗೆ ಹಾಕುವ ಪ್ರಸ್ತಾವವನ್ನು ನಾನು ಸಿದ್ಧಪಡಿಸಬೇಕಿತ್ತು.

ಆದೇಶ ಬಂತೆಂದು ಮಾತ್ರ ನಾನು ಅದನ್ನು ಬರೆಯಲಿಲ್ಲ. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಆಟೊ ಓಡಿಸುವ ಭಯ್ಯಾ ಒಂದು ಸೋಪು ಕೊಂಡರೂ ತೆರಿಗೆ ಕಟ್ಟುತ್ತಾನೆ. ಅವನ ದುಡ್ಡಿನಲ್ಲಿ ಬದುಕುಳಿದ ಕಂಪನಿಯವರಿಗೆ ಬೋನಸ್ ಯಾಕೆ? ಶೇಕಡಾ ತೊಂಬತ್ತು ಎಂದು ಬರೆದೆ. ಅರವತ್ತು ಸಾಕಲ್ಲವೇ ಎಂದು ಮೇಲಧಿಕಾರಿ ಕೇಳಿದರು. ನಾನು ಜಗ್ಗಲಿಲ್ಲ. ಪ್ರಸ್ತಾವ ತೀರ್ಮಾನವಾಗುವ ಮೊದಲೇ ಕಂಪನಿ ಹಣ ಹಂಚಿಬಿಟ್ಟರೆ ಕಷ್ಟವೆಂದು ಮುಂಜಾಗ್ರತೆಗೆ ನಾಲ್ಕು ಸಾಲಿನ ಪತ್ರವನ್ನೂ ಕಂಪನಿಗೆ ಕಳುಹಿಸಿದೆ. ಸರ್ಕಾರದ ಮುಂದಿನ ಆದೇಶದವರೆಗೆ ಯಾವ ಬೋನಸನ್ನೂ ಪಾವತಿಸಕೂಡದು ಎಂಬುದು ಅದರ ಸಾರಾಂಶ. ಕೆಳಗೆ ನನ್ನ ಸಹಿ.

ಬೋನಸ್ ಯಾರಿಗೆ ಸಲ್ಲುತ್ತದೆ ಎಂಬ ಪಟ್ಟಿ ಬೇಕಾಗಿತ್ತು. ಅದನ್ನು ತಂದವರು ಕಂಪನಿಯ ಸಾಲ ವಸೂಲಿ ವಿಭಾಗದ ವಿನಿತಾ. ಮೂವತ್ತೈದು ದಾಟಿರದ ಹೆಣ್ಣುಮಗಳು. ಆಕೆ ಒಳಬಂದಾಗ ನಾನು ಫೋನಿನಲ್ಲಿ ಹೆಂಡತಿಯೊಡನೆ ಮಾತಾಡುತ್ತಿದ್ದೆ.

"ಸರ್, ನೀವು ಕನ್ನಡದವರಾ?" ಎಂದರು, ನಾನು ಫೋನ್ ಇಟ್ಟ ಕೂಡಲೇ. "ನನ್ನದು ಮಂಗಳೂರು."

ಪಟ್ಟಿಯಲ್ಲಿ ಮೂವತ್ತೆಂಟು ಹೆಸರುಗಳಿದ್ದವು. ಓದುತ್ತ ಹೋದೆ. ಟಿವಿಯಲ್ಲಿ ದಿನವೂ ಕೇಳುತ್ತಿದ್ದ ದೊಡ್ಡವರ ಹೆಸರು ಒಂದೂ ಇರಲಿಲ್ಲ.

"ಅವರೆಲ್ಲ ಎಲ್ಲಿ?"

"ಅವರು ಸರ್ಕಾರ ಬರುವ ಮೊದಲೇ ಬೋನಸ್ ತಗೊಂಡು ಹೋಗಿ ಆಯ್ತಲ್ಲ ಸರ್. ಇದು ಉಳಿದವರದ್ದು."

ವಿಷಯ ಇಷ್ಟು. ಕೊಟ್ಟ ಸಾಲಗಳನ್ನು ವಸೂಲು ಮಾಡಲು ಕಡತ ಬಲ್ಲವರು ಬೇಕಿತ್ತು. ಬಲ್ಲವರೆಲ್ಲ ಬೇರೆ ಕೆಲಸ ಹುಡುಕುತ್ತಿದ್ದರು. ಒಂದು ವರ್ಷ ಬಿಟ್ಟು ಹೋಗದಿದ್ದರೆ ಕೊನೆಯಲ್ಲಿ ಬೋನಸ್ ಕೊಡುತ್ತೇವೆಂದು ಹೊಸ ಮಂಡಳಿಯೇ, ಅಂದರೆ ನಾವೇ ಕೂರಿಸಿದವರು, ಈ ಮೂವತ್ತೆಂಟು ಜನರಿಗೆ ಬರೆದುಕೊಟ್ಟಿದ್ದರು. ಅವರು ಉಳಿದರು. ವಸೂಲಿಯೂ ಚೆನ್ನಾಗಿಯೇ ನಡೆದಿತ್ತು.

ಊಟದ ಹೊತ್ತಾಗಿತ್ತು. ಚಾಣಕ್ಯಪುರಿಯಲ್ಲಿರುವ ನಮ್ಮ ರಾಜ್ಯದ ಅತಿಥಿಗೃಹದ ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಸಾರು ಕಲಸುತ್ತ ವಿನಿತಾ ತಮ್ಮ ವಿಷಯ ಹೇಳಿದರು. ಗಂಡ ಮಂಗಳೂರಿನಲ್ಲಿ ಕಾಲೇಜು ಉಪನ್ಯಾಸಕ. ಐದು ವರ್ಷದ ಮಗಳು ಅವರ ಹತ್ತಿರ. ಇವರು ಗುರುಗ್ರಾಮದ ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಒಬ್ಬರೇ. ಗಂಡನಿಗೆ ದೆಹಲಿಯ ದ್ವಾರಕಾ ಬಡಾವಣೆಯ ಒಂದು ಶಾಲೆಯಲ್ಲಿ ಕೆಲಸ ಸಿಗುವುದರಲ್ಲಿತ್ತು. ಅಲ್ಲೇ ಎರಡು ಕೋಣೆಯ ಫ್ಲ್ಯಾಟ್ ನೋಡಿಟ್ಟಿದ್ದರು. ಬೋನಸ್ ಬಂದರೆ ಮುಂಗಡ ಕಟ್ಟಿ, ಏಪ್ರಿಲಿನಲ್ಲಿ ಮಗಳನ್ನೂ ಅದೇ ಶಾಲೆಗೆ ಸೇರಿಸಿ ಮೂವರೂ ಒಟ್ಟಿಗೆ ಇರುವ ಲೆಕ್ಕಾಚಾರ.

"ತೆರಿಗೆ ನಮಗೂ ಬೀಳ್ತದಾ ಸರ್?"

"ನಾನು ಹೇಳುವ ಹಾಗಿಲ್ಲ."

"ಗೊತ್ತುಂಟು. ಆದ್ರೂ ಕೇಳಿದೆ."

ಮರುದಿನ ಟಿಪ್ಪಣಿಗೆ ಒಂದು ಪುಟ ಸೇರಿಸಿದೆ. ಕಂಪನಿಯನ್ನು ಮುಳುಗಿಸಿದವರು ಈ ತೆರಿಗೆಯ ಕೈಗೆ ಸಿಗುವುದಿಲ್ಲ, ಸಿಗುವವರು ಕಂಪನಿಯನ್ನು ಮೇಲೆತ್ತಲು ಉಳಿದವರು ಎಂದು ಬರೆದೆ. ಕಾನೂನು ತಜ್ಞರೂ ಪ್ರಸ್ತಾವ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ ಎಂದರು. ಅಷ್ಟರಲ್ಲಿ ಟಿವಿಯವರಿಗೂ ಬೇರೆ ವಿಷಯ ಸಿಕ್ಕಿತ್ತು. ಆರು ವಾರಗಳ ನಂತರ ಕಡತ ಹಿಂತಿರುಗಿತು. ಪ್ರಸ್ತಾವ ಕೈಬಿಡಲಾಗಿದೆ, ಕಡತ ಮುಚ್ಚಬಹುದು ಎಂದು ಮೇಲಧಿಕಾರಿ ಬರೆದಿದ್ದರು. ನಾನು ಸಹಿ ಹಾಕಿ ಮುಚ್ಚಿದೆ. ಒಬ್ಬ ಹೆಣ್ಣುಮಗಳ ಸಂಸಾರ ಉಳಿಸಿದೆ ಎಂಬ ಹೆಮ್ಮೆಯಿಂದ ಅಂದು ಮನೆಗೆ ಜಿಲೇಬಿ ಕಟ್ಟಿಸಿಕೊಂಡು ಹೋದೆ.

ಇಲ್ಲಿ ನಮ್ಮ ಕೆಲಸದ ಒಂದು ಕ್ರಮವನ್ನು ಹೇಳಬೇಕು. ಮುಖ್ಯ ಪ್ರಸ್ತಾವ ಬಿದ್ದುಹೋದರೆ, ಅದರ ಸಲುವಾಗಿ ಹೊರಡಿಸಿದ ಮಧ್ಯಂತರ ಪತ್ರ ತಾನಾಗಿ ಬಿದ್ದುಹೋಗುವುದಿಲ್ಲ. ಅದನ್ನು ಹಿಂಪಡೆದಿದೆ ಎಂದು ಇನ್ನೊಂದು ಪತ್ರ ಬರೆಯಬೇಕು. ಒಂದೇ ಸಾಲು ಸಾಕು. ಕಿರಿಯರಿಗೆ ನಾನೇ ಇದನ್ನು ಎಷ್ಟೋ ಸಲ ಹೇಳಿಕೊಟ್ಟಿದ್ದೆ. ಆ ದಿನ ನಾನು ಆ ಸಾಲು ಬರೆಯಲಿಲ್ಲ. ಅವಸರವಿರಲಿಲ್ಲ, ಆರೋಗ್ಯ ಕೆಟ್ಟಿರಲಿಲ್ಲ. ಮರೆತೆ.

ಹದಿನಾಲ್ಕು ತಿಂಗಳ ಮೇಲೆ ಮಾಹಿತಿ ಹಕ್ಕಿನ ಅರ್ಜಿಯೊಂದು ನನ್ನ ಮೇಜಿಗೆ ಬಂತು. ಕೇಳಿದ್ದು ಒಂದೇ ಪ್ರಶ್ನೆ. ಬೋನಸ್ ತಡೆಹಿಡಿದ ಪತ್ರದ ಮೇಲೆ ಸರ್ಕಾರದ ಮುಂದಿನ ಆದೇಶ ಯಾವ ದಿನ ಹೊರಟಿತು? ಅರ್ಜಿದಾರರು ವಿನಿತಾ.

ಕಡತ ತರಿಸಿದೆ. ಹಿಂಬದಿಯಲ್ಲಿ ಕಂಪನಿಯ ಎರಡು ಪತ್ರಗಳನ್ನು ದಾರಕಟ್ಟಿ ಸೇರಿಸಲಾಗಿತ್ತು. ತೆರಿಗೆ ಬರಲಿಲ್ಲವಾದ್ದರಿಂದ ಬೋನಸ್ ಕೊಡಬಹುದೇ ಎಂದು ಎರಡರಲ್ಲೂ ಕೇಳಿದ್ದರು. ಮುಚ್ಚಿದ ಕಡತಕ್ಕೆ ಬಂದ ಪತ್ರ ಅಧಿಕಾರಿಯ ಮೇಜಿಗೆ ಬರುವುದಿಲ್ಲ, ನೇರ ದಾಖಲೆ ಕೋಣೆಗೆ ಹೋಗಿ ಕಡತದ ಬೆನ್ನಿಗೆ ಸೇರುತ್ತದೆ. ಕಂಪನಿಯವರು ನನ್ನ ಸಹಿಗೆ ಹೆದರಿ ಸುಮ್ಮನೆ ಕುಳಿತಿದ್ದರು. ಈ ನಡುವೆ ಸರ್ಕಾರ ಆ ಕಂಪನಿಯನ್ನು ಮಾರಿತ್ತು. ಅಲ್ಲಿಯವರೆಗೆ ಪಾವತಿಯಾಗದ ಬೋನಸ್ ಹೊಸ ಮಾಲೀಕನ ಹೊಣೆಯಲ್ಲ ಎಂದು ಮಾರಾಟದ ಒಪ್ಪಂದದಲ್ಲೇ ಇತ್ತು.

ಆಗ ನನಗೆ ಏನೂ ಅನಿಸಲಿಲ್ಲ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ. ಡಬ್ಬಿ ಬಿಚ್ಚಿ ಚಪಾತಿ ತಿಂದೆ. ಕೈ ತೊಳೆದು ಬಂದು ಮೇಲಧಿಕಾರಿಯ ಕೋಣೆಗೆ ಹೋಗಿ, ಕಡತವನ್ನು ಮತ್ತೆ ತೆರೆದು ತಪ್ಪು ಸರಿಪಡಿಸೋಣ ಎಂದೆ. ಅವರು ಎರಡು ಪತ್ರಗಳನ್ನೂ ಓದಿ ಕನ್ನಡಕ ತೆಗೆದಿಟ್ಟರು.

"ಅಬ್ ಕಿಸ್ ಸೇ ದಿಲ್‌ವಾಯೇಂಗೇ?" ಎಂದರು. ಈಗ ಯಾರಿಂದ ಕೊಡಿಸುತ್ತೀರಿ? ಕಡತ ಎತ್ತಿಕೊಂಡು ಹೊರಬಂದೆ.

ಅರ್ಜಿಗೆ ಉತ್ತರ ಕೊಡಬೇಕಾದ ಮಾಹಿತಿ ಅಧಿಕಾರಿಯೂ ನಾನೇ. "ಅಂತಹ ಆದೇಶ ದಾಖಲೆಯಲ್ಲಿ ಲಭ್ಯವಿಲ್ಲ" ಎಂದು ಬರೆದು ಸಹಿ ಹಾಕಿದೆ. ಆಮೇಲೆ, ನಿಯಮದ ಪ್ರಕಾರ ಮಾಡಬಾರದ ಕೆಲಸ, ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ.

ವಿನಿತಾ ಮಂಗಳೂರಿಗೆ ಹಿಂದಿರುಗಿದ್ದರು. ಫ್ಲ್ಯಾಟ್ ಬೇರೆಯವರ ಪಾಲಾಗಿತ್ತು. ಗಂಡ ದೆಹಲಿಯ ಕೆಲಸದ ಆಸೆ ಬಿಟ್ಟಿದ್ದರು. ಮಗಳಿಗೆ ಏಳಾಗುತ್ತಿತ್ತು. "ನಾನು ತಲೆ ಬಾಚ್ಲಿಕ್ಕೆ ಹೋದ್ರೆ ಅಪ್ಪನೇ ಬೇಕು ಅಂತಾಳೆ ಸರ್," ಎಂದರು. ದೂರುವ ದನಿ ಇರಲಿಲ್ಲ. ನಾನು ನಡೆದದ್ದನ್ನೆಲ್ಲ ಹೇಳಿದೆ.

"ತೊಂಬತ್ತು ಪರ್ಸೆಂಟ್ ತೆರಿಗೆ ಹಾಕಿದ್ರೂ ಹತ್ತು ಪರ್ಸೆಂಟ್ ನಮ್ಮ ಕೈಗೆ ಬರ್ತಿತ್ತು, ಅಲ್ವಾ ಸರ್?"

ಕ್ಷಮಿಸಿ ಎಂದೆ.

"ಕ್ಷಮೆ ಬೇಡ. ತಪ್ಪು ನಿಮ್ಮದು ಅಂತ ಬರೆದು ಕೊಡ್ತೀರಾ? ಕೋರ್ಟಿಗೆ ಹೋಗ್ಲಿಕ್ಕೆ ಅದೊಂದು ಕಾಗದ ಬೇಕು. ಮೂವತ್ತೆಂಟು ಜನ ಇದ್ದೇವೆ."

ನಿವೃತ್ತಿಗೆ ಐದು ತಿಂಗಳು ಉಳಿದಿತ್ತು. ಬರೆದುಕೊಟ್ಟರೆ ಇಲಾಖಾ ವಿಚಾರಣೆ ಖಂಡಿತ. ಯೋಚಿಸಿ ಹೇಳುತ್ತೇನೆ ಎಂದೆ. ಹೇಳಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ನಿವೃತ್ತಿಯ ಮೇಲೆ ನಾನಿರುವ ದ್ವಾರಕಾದ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಬೆಳಗಿನ ವಾಕಿಂಗಿಗೆ ಬರುವ ನಿವೃತ್ತರು ಈಗಲೂ ಈ ವಿಷಯ ಎತ್ತುತ್ತಾರೆ. ಸರ್ಕಾರ ಉಳಿಸಿದ ಕಂಪನಿಗಳ ಬೋನಸ್ ಮೇಲೆ ತೆರಿಗೆ ಹಾಕಬೇಕೋ ಬೇಡವೋ? ಹಾಕಬೇಕು ಎಂದೇ ನಾನು ಹೇಳುತ್ತೇನೆ. ಆದರೆ ಹೊರಟುಹೋದವರನ್ನು ಬೆನ್ನಟ್ಟಿ ಹಿಡಿಯುವಂತಿದ್ದರೆ ಮಾತ್ರ. ಅರವತ್ತೋ ತೊಂಬತ್ತೋ ಎಂದು ನಾವು ವಾರಗಟ್ಟಲೆ ಜಗ್ಗಾಡಿದೆವು. ತಪ್ಪು ಮಾಡಿದವರಿಗೆ ಬಿದ್ದದ್ದು ಸೊನ್ನೆ, ದುಡಿದವರಿಗೆ ಬಿದ್ದದ್ದು ನೂರಕ್ಕೆ ನೂರು. ಅದನ್ನು ಸಂಸತ್ತು ಹಾಕಲಿಲ್ಲ, ಮಂತ್ರಿ ಹಾಕಲಿಲ್ಲ. ಕಾನೂನಿಗಿಂತ ಮೊದಲು ಕಾಗದ ಜನರನ್ನು ಮುಟ್ಟುತ್ತದೆ, ಅದನ್ನು ಬರೆದವನೇ ಬೆನ್ನುಹತ್ತಿ ಹೋಗಿ ಹಿಂಪಡೆಯಬೇಕು ಎಂಬುದನ್ನು ಮೂವತ್ತಮೂರು ವರ್ಷಗಳ ಕೆಲಸ ನನಗೆ ಕಲಿಸಿತು. ಕಲಿತದ್ದು ತಡವಾಗಿ.

ವಿನಿತಾ ಕೇಳಿದ ಮಾತನ್ನು ಇಲ್ಲಿ ಬರೆದಿದ್ದೇನೆ: ತಪ್ಪು ನನ್ನದು. ಹುದ್ದೆ ಹೋದ ಮೇಲೆ ನನ್ನ ಸಹಿ ಯಾವ ಕೋರ್ಟಿಗೂ ಬೇಡ.